ಹಸಿರು ನ್ಯಾಯಮಂಡಳಿಗೆ ಅರ್ಜಿ: ದಿನ ಎಣಿಸುವುದರಿಂದ ಆದೇಶ ಜಾರಿಯಾಗುವವರೆಗೆ

ಕೆರೆಗೆ ಕಟ್ಟಡದ ಅವಶೇಷ ಸುರಿಯಲು ಶುರುವಾಗುತ್ತದೆ. ಊರವರು ಮೊದಲು ಪಂಚಾಯಿತಿಗೆ, ಆಮೇಲೆ ತಹಶೀಲ್ದಾರರಿಗೆ, ಕೊನೆಗೆ ಜಿಲ್ಲಾಧಿಕಾರಿಗೆ ಮನವಿ ಕೊಡುತ್ತಾರೆ. ಎಲ್ಲ ಕಡೆಯೂ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ. ವರ್ಷ ಕಳೆದ ಮೇಲೆ ಯಾರೋ ಪರಿಸರ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಹೆಸರು ಹೇಳುತ್ತಾರೆ. ಹಣ ಹೊಂದಿಸಿ, ಕಾಗದ ಜೋಡಿಸಿ ಅದರ ಪೀಠವಿರುವ ಚೆನ್ನೈಗೆ ಹೋದರೆ ಅರ್ಜಿ ಕಾಲಮಿತಿ ಮೀರಿದೆ ಎಂಬ ಕಾರಣಕ್ಕೆ ವಜಾ ಆಗುತ್ತದೆ. ಕೆರೆಗೆ ಆದ ಹಾನಿಯ ಬಗ್ಗೆ ಒಂದು ಮಾತಿನ ಚರ್ಚೆಯೂ ನಡೆದಿರುವುದಿಲ್ಲ.

ಇಂಥ ಅರ್ಜಿಗಳು ಸತ್ಯದ ಕೊರತೆಯಿಂದ ಸೋಲುವುದಕ್ಕಿಂತ ದಿನಾಂಕ, ಕಲಂ ಮತ್ತು ಪ್ರತಿವಾದಿಗಳ ಪಟ್ಟಿಯಲ್ಲಿ ಎಡವಿ ಸೋಲುವುದೇ ಹೆಚ್ಚು. ಅದಕ್ಕಾಗಿಯೇ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮಕ್ಕೆ ಒತ್ತು ಕೊಟ್ಟಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಅರ್ಜಿ ಬರೆಯುವ ಕೆಲಸ ಬರುವುದು ಆರನೆಯ ಹಂತದಲ್ಲಿ.

## ಹಂತ 1: ಮೊದಲು ದಿನ ಎಣಿಸಿ

ಒಂದು ಹಾಳೆ ತೆಗೆದುಕೊಂಡು ಮೂರು ದಿನಾಂಕ ಬರೆಯಿರಿ: ತೊಂದರೆ ಮೊದಲು ಶುರುವಾದ ದಿನ, ಅದು ನಿಮಗೆ ಗೊತ್ತಾದ ದಿನ, ಅದಕ್ಕೆ ಸಂಬಂಧಿಸಿದ ಅನುಮತಿ ಅಥವಾ ಆದೇಶ ಹೊರಬಿದ್ದ ದಿನ. ಮುಂದಿನ ಲೆಕ್ಕವೆಲ್ಲ ಈ ಮೂರರ ಮೇಲೆ ನಿಂತಿದೆ.

ಹಸಿರು ನ್ಯಾಯಮಂಡಳಿ ಕಾಯ್ದೆ 2010ರಲ್ಲಿ ಮೂರು ಬಾಗಿಲುಗಳಿವೆ. ಪ್ರತಿಯೊಂದಕ್ಕೂ ಅದರದೇ ಗಡುವು.

ಕಲಂ 14ರ ಅಡಿ ಪರಿಸರ ಸಂಬಂಧಿ ವಿವಾದವನ್ನು ತರಬಹುದು. ವ್ಯಾಜ್ಯ ಕಾರಣ (ದೂರಿಗೆ ಆಧಾರವಾದ ಘಟನೆ) ಮೊದಲು ಹುಟ್ಟಿದ ದಿನದಿಂದ 6 ತಿಂಗಳು ಅವಕಾಶವಿದೆ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಗಬಹುದು.

ಕಲಂ 15ರ ಅಡಿ ನಷ್ಟ ಪರಿಹಾರವನ್ನು, ಹಾಳಾದ ಆಸ್ತಿಯ ಅಥವಾ ಪರಿಸರದ ಪುನಃಸ್ಥಾಪನೆಯನ್ನು ಕೇಳಬಹುದು. ಇದಕ್ಕೆ 5 ವರ್ಷ, ಮೇಲೆ 60 ದಿನ.

ಕಲಂ 16 ಮೇಲ್ಮನವಿಗೆ ಸಂಬಂಧಿಸಿದ್ದು. ಆದೇಶ ತಿಳಿಸಲಾದ ದಿನದಿಂದ 30 ದಿನ, ಮೇಲೆ ಹೆಚ್ಚೆಂದರೆ 60 ದಿನ. ಒಟ್ಟು 90 ದಿನ ದಾಟಿದರೆ ವಿಳಂಬ ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೇ ಇಲ್ಲ. ಎಷ್ಟು ಕಣ್ಣೀರು ಹಾಕಿದರೂ ಬಾಗಿಲು ತೆರೆಯುವುದಿಲ್ಲ.

ಕಲಂ 14ರಲ್ಲಿ ಜನ ಸಿಕ್ಕಿಬೀಳುವುದು ‘ಮೊದಲು’ ಎಂಬ ಮಾತಿನಲ್ಲಿ. ‘ಮಾಲಿನ್ಯ ದಿನವೂ ನಡೆಯುತ್ತಿದೆ, ಆದ್ದರಿಂದ ದಿನವೂ ಹೊಸ ಕಾರಣ ಹುಟ್ಟುತ್ತದೆ’ ಎಂಬ ವಾದವನ್ನೇ ನಂಬಿ ಕೂರಬೇಡಿ, ಎದುರು ಪಕ್ಷದ ವಕೀಲರ ಮೊದಲ ಆಕ್ಷೇಪಣೆಯೇ ಅದರ ಮೇಲೆ ಬರುತ್ತದೆ. ಹೊಸ ಘಟಕ ಶುರುವಾದದ್ದು, ಪರವಾನಗಿ ನವೀಕರಣವಾದದ್ದು, ಬೇರೆ ಕಡೆಯಿಂದ ಹೊಸದಾಗಿ ಕೊಳವೆ ಎಳೆದದ್ದು ಇತ್ಯಾದಿ ಪ್ರತ್ಯೇಕ ಘಟನೆಗಳಿದ್ದರೆ ಅವುಗಳ ದಿನಾಂಕವನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ. 6 ತಿಂಗಳು ಮೀರಿದ್ದರೆ, ಕೆರೆಯನ್ನು ಮೊದಲಿನ ಸ್ಥಿತಿಗೆ ತರುವಂತೆ ಕಲಂ 15ರ ಅಡಿ ಕೇಳಲು ಸಾಧ್ಯವೇ ಎಂದು ನೋಡಿ.

ಪರಿಸರ ಅನುಮೋದನೆಯ (ಯೋಜನೆ ಶುರುಮಾಡಲು ಸರ್ಕಾರ ಕೊಡುವ ಪರಿಸರ ಅನುಮತಿ) ವಿರುದ್ಧ ಹೋಗುವವರು ಇನ್ನೂ ಎಚ್ಚರದಿಂದಿರಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅನುಮೋದನೆ ಪಡೆದವರು ಕನಿಷ್ಠ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅದನ್ನು ಪ್ರಕಟಿಸಬೇಕು. ಸರ್ಕಾರದ ಜಾಲತಾಣದಲ್ಲೂ ಅದು ಸಿಗುವಂತಿರಬೇಕು. ನಿಮ್ಮ ಕೈಗೆ ಪ್ರತಿ ಸಿಕ್ಕ ದಿನದಿಂದ ಲೆಕ್ಕ ಹಾಕಿಕೊಂಡರೆ ಮೋಸ ಹೋಗುತ್ತೀರಿ. ಸಾರ್ವಜನಿಕವಾಗಿ ಪೂರ್ಣವಾಗಿ ತಿಳಿಯುವಂತೆ ಮಾಡಿದ ಅತ್ಯಂತ ಮುಂಚಿನ ದಿನವನ್ನೇ ನ್ಯಾಯಮಂಡಳಿ ಹಿಡಿಯುತ್ತದೆ. ಹಳೆಯ ಪತ್ರಿಕೆ ಹುಡುಕಿ, ಜಾಲತಾಣದ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿಟ್ಟುಕೊಳ್ಳಿ.

ಇನ್ನೊಂದು ತಪ್ಪು ತಿಳಿವಳಿಕೆ: ‘60 ದಿನ ನೋಟಿಸ್ ಕೊಟ್ಟು ಕಾಯಬೇಕು.’ ಆ ನೋಟಿಸ್ ಪರಿಸರ (ಸಂರಕ್ಷಣೆ) ಕಾಯ್ದೆಯಡಿ ಕ್ರಿಮಿನಲ್ ದೂರು ಕೊಡುವವರಿಗೆ ಬೇಕಾದದ್ದು. ಕಲಂ 14 ಅಥವಾ 15ರ ಅರ್ಜಿಗೆ ಅದು ಬೇಡ. ಅದಕ್ಕಾಗಿ ಎರಡು ತಿಂಗಳು ಕಾದು ಗಡುವು ಕಳೆದುಕೊಳ್ಳಬೇಡಿ.

## ಹಂತ 2: ವಿವಾದ ಇಲ್ಲಿಗೆ ಸೇರಿದ್ದೇ ಎಂದು ನೋಡಿ

ಮರ, ನೀರು, ಗಾಳಿ ಎಂದ ಮಾತ್ರಕ್ಕೆ ಹಸಿರು ನ್ಯಾಯಮಂಡಳಿ ಕೈಗೆತ್ತಿಕೊಳ್ಳುವುದಿಲ್ಲ. ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕಾನೂನುಗಳ ಜಾರಿಗೆ ಸಂಬಂಧಿಸಿದ ಗಣನೀಯ ಪ್ರಶ್ನೆ ಇರಬೇಕು. ಪಟ್ಟಿಯ ಮುಖ್ಯ ಕಾನೂನುಗಳು ಇವು: ಜಲ ಮಾಲಿನ್ಯ ಕಾಯ್ದೆ 1974, ಅರಣ್ಯ (ಸಂರಕ್ಷಣೆ) ಕಾಯ್ದೆ 1980, ವಾಯು ಮಾಲಿನ್ಯ ಕಾಯ್ದೆ 1981, ಪರಿಸರ (ಸಂರಕ್ಷಣೆ) ಕಾಯ್ದೆ 1986, ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ 1991, ಜೈವಿಕ ವೈವಿಧ್ಯ ಕಾಯ್ದೆ 2002. ಪರಿಸರ ಕಾಯ್ದೆಯಡಿ ಹೊರಡಿಸಿದ ನಿಯಮಗಳೂ ಇದರೊಳಗೆ ಬರುತ್ತವೆ. ಘನತ್ಯಾಜ್ಯ, ಶಬ್ದ, ಕರಾವಳಿ ನಿಯಂತ್ರಣ ವಲಯ, ಪರಿಸರ ಅನುಮೋದನೆ ಎಲ್ಲವೂ ಹಾಗೆಯೇ ಒಳಗೆ ಬಂದವು.

ಪಟ್ಟಿಯಲ್ಲಿ ಇಲ್ಲದವನ್ನೂ ತಿಳಿದಿರಿ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972 ಇಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976 ಇಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961 ಕೂಡ ಇಲ್ಲ. ಪಕ್ಕದ ಮನೆಯವರು ಸೆಟ್‌ಬ್ಯಾಕ್ ಬಿಡದೆ ಕಟ್ಟಿದ್ದಾರೆ, ವಸತಿ ವಲಯದಲ್ಲಿ ಅಂಗಡಿ ತೆರೆದಿದ್ದಾರೆ ಎಂಬ ದೂರುಗಳಿಗೆ ಇದು ಜಾಗವಲ್ಲ. ಕೆರೆಯಂಗಳದ ಒತ್ತುವರಿ ಬರಿಯ ಸರ್ಕಾರಿ ಜಮೀನಿನ ಪ್ರಶ್ನೆಯಾಗಿದ್ದರೆ ಭೂಕಬಳಿಕೆ ತಡೆ ವಿಶೇಷ ನ್ಯಾಯಾಲಯ ಇದೆ. ಉಳಿದದ್ದಕ್ಕೆ ಹೈಕೋರ್ಟಿನ ರಿಟ್ ದಾರಿ ಮುಚ್ಚಿಲ್ಲ. ಅದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಯೋಜನಾ ನಿಯಮಗಳ ವಿಚಾರದಲ್ಲಿ ಬೆಂಗಳೂರಿನದೇ ದೊಡ್ಡ ಪಾಠವಿದೆ. ಅಗರ–ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣಗಳ ಪ್ರಕರಣದಲ್ಲಿ ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ನಗರದ ಕೆರೆಗಳಿಗೆಲ್ಲ 75 ಮೀಟರ್ ಮೀಸಲು ವಲಯ ಎಂದು ಆದೇಶಿಸಿತು. ರಾಜಕಾಲುವೆಗಳಿಗೂ ಅಂತರ ನಿಗದಿಪಡಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಶಾಸನಬದ್ಧ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಿಯಮವನ್ನು ನ್ಯಾಯಮಂಡಳಿ ತಿದ್ದಲಾಗದು ಎಂಬುದು ಕಾರಣ. ನಗರವೆಲ್ಲ ಸಂಭ್ರಮಿಸಿದ ಆದೇಶ ಮೂರು ವರ್ಷದೊಳಗೆ ಇಲ್ಲವಾಯಿತು. ಆದ್ದರಿಂದ ‘ನಿಯಮ ಬದಲಿಸಿ’ ಎಂದು ಕೇಳಬೇಡಿ, ‘ಇರುವ ನಿಯಮವನ್ನು ಈ ಸರ್ವೆ ನಂಬರಿನಲ್ಲಿ ಜಾರಿ ಮಾಡಿಸಿ’ ಎಂದು ಕೇಳಿ.

ನಮ್ಮ ಕೆರೆಗಳ ವಿಷಯದಲ್ಲಿ ಇನ್ನೊಂದು ಬಲೆ ಇದೆ. ಹಲವರು 2017ರ ಜೌಗು ಪ್ರದೇಶ ನಿಯಮಗಳನ್ನೇ ಆಧಾರವಾಗಿಟ್ಟು ಅರ್ಜಿ ಬರೆಯುತ್ತಾರೆ. ಕುಡಿಯುವ ನೀರಿಗೆ, ನೀರಾವರಿಗೆ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ತೂಬು, ಕೋಡಿ, ಏರಿ ಇರುವ ನಮ್ಮ ಬಹುತೇಕ ಕೆರೆಗಳು ಕಟ್ಟಿದವೇ ಅಲ್ಲವೇ? ಜಲ ಮಾಲಿನ್ಯ ಕಾಯ್ದೆ ಇಲ್ಲಿ ಹೆಚ್ಚು ಗಟ್ಟಿ. ಅದರ ವ್ಯಾಖ್ಯಾನದಲ್ಲಿ ಹರಿಯುವ ಅಥವಾ ಒಣಗಿದ ಕಾಲುವೆ, ಸಹಜ ಅಥವಾ ಕೃತಕ ಒಳನಾಡು ಜಲ, ಅಂತರ್ಜಲ ಎಲ್ಲವೂ ಸೇರುತ್ತವೆ. ಅವುಗಳಿಗೆ ಮಾಲಿನ್ಯಕಾರಕ ವಸ್ತು ಬಿಡುವುದನ್ನು ಕಲಂ 24 ನಿಷೇಧಿಸುತ್ತದೆ.

## ಹಂತ 3: ಮೂಲ ಅರ್ಜಿಯೋ, ಮೇಲ್ಮನವಿಯೋ ತೀರ್ಮಾನಿಸಿ

ನಿಮ್ಮ ತಕರಾರು ಒಂದು ನಿರ್ದಿಷ್ಟ ಆದೇಶದ ಮೇಲಿದ್ದರೆ ಅದು ಮೇಲ್ಮನವಿ. ನಡೆಯುತ್ತಿರುವ ಹಾನಿಯ ಮೇಲಿದ್ದರೆ ಮೂಲ ಅರ್ಜಿ. ಮೇಲ್ಮನವಿಯ ಗಡುವು ಕಳೆದ ಮೇಲೆ ಅದೇ ಅನುಮೋದನೆಯನ್ನು ರದ್ದುಮಾಡಿಸಲು ಮೂಲ ಅರ್ಜಿಯ ವೇಷ ತೊಡಿಸುವವರಿದ್ದಾರೆ, ಅದು ನಿಲ್ಲುವುದಿಲ್ಲ. ಆದರೆ ಅನುಮೋದನೆಯ ಷರತ್ತುಗಳನ್ನು ಆ ಮೇಲೆ ಮುರಿದರೆ ಅದು ಬೇರೆ ಸಂಗತಿ. ಅದಕ್ಕೆ ಮೂಲ ಅರ್ಜಿ ಹಾಕಬಹುದು.

ಘಟಕ ಸ್ಥಾಪಿಸಲು, ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅಥವಾ ನಿರಾಕರಿಸಿದ ಸಮ್ಮತಿಯ ವಿಚಾರದಲ್ಲಿ ಜಲ ಮತ್ತು ವಾಯು ಕಾಯ್ದೆಗಳಡಿ ಮೊದಲು ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು, ಅಲ್ಲಿನ ಆದೇಶದ ಮೇಲೆ ನ್ಯಾಯಮಂಡಳಿಗೆ. ಮೆಟ್ಟಿಲು ಹಾರಿದರೆ ಏನಾಗುತ್ತದೆ ಎಂಬುದಕ್ಕೆ ತೂತ್ತುಕುಡಿಯ ಸ್ಟರ್ಲೈಟ್ ತಾಮ್ರ ಘಟಕದ ಪ್ರಕರಣ ಸಾಕ್ಷಿ. ಘಟಕ ತೆರೆಯಲು ಅನುಕೂಲವಾಗಿ ಬಂದಿದ್ದ 2018ರ ಡಿಸೆಂಬರ್ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ರದ್ದುಮಾಡಿದ್ದು ನ್ಯಾಯಮಂಡಳಿಗೆ ಅಧಿಕಾರ ವ್ಯಾಪ್ತಿಯೇ ಇರಲಿಲ್ಲ ಎಂಬ ಕಾರಣಕ್ಕೆ. ದೊಡ್ಡ ಕಂಪನಿಗೆ ಹೇಳಿದ ಈ ಮಾತು ಊರಿನ ಹೋರಾಟ ಸಮಿತಿಗೂ ಅನ್ವಯ.

## ಹಂತ 4: ಕಾಗದ ಸಂಗ್ರಹಿಸಿ

ಕ್ರಮದಲ್ಲಿ ನಾಲ್ಕನೆಯದಾದರೂ ಈ ಕೆಲಸ ಮಾತ್ರ ಮೊದಲ ದಿನವೇ ಶುರುವಾಗಬೇಕು, ಏಕೆಂದರೆ ಮಾಹಿತಿ ಹಕ್ಕಿನ ಉತ್ತರಕ್ಕೇ 30 ದಿನ ಬೇಕು.

ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಹಿಂಬರಹ ಬಂದು ತಿಂಗಳು ಹಾಳು. ಹೀಗೆ ಕೇಳಿ: ‘ಇಂಥ ಸರ್ವೆ ನಂಬರಿನ ಕಲ್ಲು ಗಣಿಗೆ ನೀಡಿದ ಕಾರ್ಯಾಚರಣೆ ಸಮ್ಮತಿ ಪತ್ರ, ಷರತ್ತುಗಳು ಮತ್ತು ಇಂಥ ದಿನಾಂಕದಿಂದ ಈವರೆಗಿನ ಸ್ಥಳ ಪರಿಶೀಲನಾ ವರದಿಗಳ ದೃಢೀಕೃತ ನಕಲು.’ ಮಾಲಿನ್ಯ ನಿಯಂತ್ರಣ ಮಂಡಳಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ತಾಲ್ಲೂಕು ಕಚೇರಿಗಳಿಗೆ ಬೇರೆ ಬೇರೆ ಅರ್ಜಿ ಹಾಕಿ.

ಕೇಳದೆಯೇ ಸಿಗುವ ದಾಖಲೆಗಳೂ ಇವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅನುಮೋದನೆ ಪತ್ರ, ಷರತ್ತು, ಯೋಜನೆಯ ವಿವರ ಹುಡುಕಬಹುದು. ಅನುಮೋದನೆ ಪಡೆದವರು ವರ್ಷಕ್ಕೆ ಎರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ರಂದು, ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿಯಲ್ಲಿ ‘ಹಸಿರು ಪಟ್ಟಿ ಬೆಳೆಸಲಾಗಿದೆ’ ಎಂದು ಬರೆದಿದ್ದು, ಸ್ಥಳದಲ್ಲಿ ಒಂದು ಗಿಡವೂ ಇಲ್ಲದಿದ್ದರೆ, ನಿಮ್ಮ ಅರ್ಜಿಯ ಅತ್ಯಂತ ಬಲವಾದ ಪುಟ ಅದೇ. ಕಟ್ಟಡವಾದರೆ ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುತ್ತದೆಯೇ ಎಂದು ನೋಡಿ. ಮುಟ್ಟಿದರೆ ಪೂರ್ವ ಪರಿಸರ ಅನುಮೋದನೆ ಬೇಕು.

ಕಂದಾಯ ದಾಖಲೆಗಳಲ್ಲಿ ಪಹಣಿ, ಗ್ರಾಮ ನಕ್ಷೆ, ಅಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ಈ ನಾಲ್ಕು ಸಾಕು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆದರೆ ಅದು ದಾರಿ ತೋರಿಸಲು ಮಾತ್ರ. ಗಡಿ ಸಾಬೀತಿಗೆ ಸರ್ವೆ ನಕ್ಷೆಯೇ ಬೇಕು. ಗ್ರಾಮ ನಕ್ಷೆಯಲ್ಲಿರುವ ಹಳ್ಳ ಇಂದಿನ ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಮೀನು) ಎಂದಷ್ಟೇ ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಲಗತ್ತಿಸಿ.

## ಹಂತ 5: ಸ್ಥಳದ ಸಾಕ್ಷ್ಯ ತಯಾರಿಸಿ

ಮೊಬೈಲಿನಲ್ಲಿ ನೂರಾರು ಫೋಟೊ ಇರುತ್ತವೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ನೊರೆಯನ್ನು ಮಾತ್ರ ಹತ್ತಿರದಿಂದ ತೆಗೆದ ಚಿತ್ರ ಯಾವ ಕೆರೆಯದೂ ಆಗಿರಬಹುದು. ಚೌಕಟ್ಟಿನೊಳಗೆ ಬದಲಾಗದ ಗುರುತೊಂದು ಇರಲಿ: ತೂಬಿನ ಕಂಬ, ದೇವಸ್ಥಾನದ ಗೋಪುರ, ವಿದ್ಯುತ್ ಕಂಬದ ಸಂಖ್ಯೆ. ಅಕ್ಷಾಂಶ, ರೇಖಾಂಶ, ಸಮಯ ಮೂಡುವಂತೆ ತೆಗೆಯಿರಿ. ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ, ಕೆಲವು ವಾರಗಳ ಅಂತರದಲ್ಲಿ ಮತ್ತೆ ತೆಗೆಯಿರಿ. ಮಣ್ಣಿನ ರಾಶಿ ತೂಬಿನ ಕಂಬದ ಬುಡದಿಂದ ಅರ್ಧಕ್ಕೆ ಏರಿದ್ದು ಎರಡು ಚಿತ್ರದಲ್ಲಿ ಕಂಡರೆ ಹತ್ತು ಪುಟದ ವಿವರಣೆ ಬೇಡ. ಗೂಗಲ್ ಅರ್ಥ್‌ನ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನೂ ದಿನಾಂಕ ಸಹಿತ ಮುದ್ರಿಸಿ. ಫೋಟೊ ತೆಗೆದವರು ಮೂಲ ಕಡತವನ್ನು ಅಳಿಸಬಾರದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯಲ್ಲಿ ಸ್ಥಳ, ಸಮಯದ ಮಾಹಿತಿ ಕಳೆದುಹೋಗಿರುತ್ತದೆ. ನ್ಯಾಯಮಂಡಳಿಯನ್ನು ಸಾಕ್ಷ್ಯ ಕಾನೂನು ಬಿಗಿಯಾಗಿ ಕಟ್ಟಿಹಾಕುವುದಿಲ್ಲವಾದರೂ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ವಿದ್ಯುನ್ಮಾನ ದಾಖಲೆ ಪ್ರಮಾಣಪತ್ರ ಲಗತ್ತಿಸಿದರೆ ಒಂದು ವಾಗ್ವಾದ ತಪ್ಪುತ್ತದೆ.

ನೀರಿನ ಮಾದರಿಯ ವಿಚಾರದಲ್ಲಿ ಹಣ ವ್ಯರ್ಥವಾಗುವುದು ಹೆಚ್ಚು. ನೀವೇ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಕೊಟ್ಟರೆ ವರದಿಯ ಕೆಳಗೆ ‘ಗ್ರಾಹಕರು ಒದಗಿಸಿದ ಮಾದರಿ’ ಎಂಬ ಸಾಲು ಬರುತ್ತದೆ. ಎದುರಿನವರಿಗೆ ಅಷ್ಟೇ ಸಾಕು. ಮಾನ್ಯತೆ ಪಡೆದ ಪ್ರಯೋಗಾಲಯದ ಸಿಬ್ಬಂದಿಯೇ ಬಂದು ಮಾದರಿ ಸಂಗ್ರಹಿಸುವಂತೆ ಮಾಡಿ, ಸಂಗ್ರಹಿಸಿದ ಜಾಗ ಮತ್ತು ಸಮಯ ವರದಿಯಲ್ಲಿ ನಮೂದಾಗಲಿ. ಕೊಳವೆ ಸೇರುವ ಜಾಗದ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು ಮಾದರಿ ಬೇಕೇ ಬೇಕು. ಮೇಲ್ಭಾಗದ ಮಾದರಿ ಇಲ್ಲದಿದ್ದರೆ ‘ಮಾಲಿನ್ಯ ಊರಿನ ಚರಂಡಿಯಿಂದ ಬಂದಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೀರಿನಲ್ಲಿ ಕೊಳೆಯುವ ಕಲ್ಮಶ ಎಷ್ಟಿದೆ ಎಂದು ತೋರಿಸುವ ಜೈವಿಕ ಆಮ್ಲಜನಕ ಬೇಡಿಕೆಯ (ಬಿಒಡಿ) ಪರೀಕ್ಷೆಗೆ ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗ ತಲುಪಿಸಬೇಕು. ಶಬ್ದದ ದೂರಾದರೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್ ಎಂಬುದನ್ನು ಮುಂದಿಟ್ಟು ಅಳತೆ ಮಾಡಿಸಿ.

ಖಾಸಗಿ ಜಾಗದೊಳಗೆ ನುಗ್ಗಬೇಡಿ. ಗಣಿ, ಮರಳು ದಂಧೆಯ ಸ್ಥಳಕ್ಕೆ ಒಬ್ಬರೇ ಹೋಗಲೇಬೇಡಿ. ಸಾಕ್ಷ್ಯಕ್ಕಿಂತ ನಿಮ್ಮ ಜೀವ ದೊಡ್ಡದು.

## ಹಂತ 6: ಪ್ರತಿವಾದಿಗಳನ್ನು ಗುರುತಿಸಿ, ಅರ್ಜಿ ಬರೆಯಿರಿ

ಮಾಲಿನ್ಯ ಮಾಡುತ್ತಿರುವವರನ್ನೇ ಪಕ್ಷಕಾರರಾಗಿ ಸೇರಿಸದೆ ಇಲಾಖೆಗಳನ್ನು ಮಾತ್ರ ಹೆಸರಿಸುವುದು ತೀರಾ ಸಾಮಾನ್ಯವಾದ ತಪ್ಪು. ಭಯದಿಂದ ಹೀಗೆ ಮಾಡುತ್ತಾರೆ, ಅರ್ಥವಾಗುತ್ತದೆ. ಆದರೆ ಅವರ ವಾದ ಕೇಳದೆ ಹೊರಡಿಸಿದ ಆದೇಶ ಮೇಲಿನ ನ್ಯಾಯಾಲಯದಲ್ಲಿ ಸಹಜ ನ್ಯಾಯದ ತತ್ವಕ್ಕೇ ಬಿದ್ದುಹೋಗುತ್ತದೆ. ಸಮ್ಮತಿ ಪತ್ರದಲ್ಲಿರುವ ಹೆಸರು, ವಿಳಾಸವನ್ನೇ ಬಳಸಿ. ಫಲಕದ ಮೇಲಿನ ಹೆಸರು ಬೇರೆ ಇರಬಹುದು. ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ, ಸ್ಥಳೀಯ ಸಂಸ್ಥೆ, ಅನುಮೋದನೆ ಕೊಟ್ಟ ಪ್ರಾಧಿಕಾರ ಇರಲಿ. ಸಂಬಂಧವಿಲ್ಲದ ಇಲಾಖೆಗಳನ್ನೆಲ್ಲ ಎಳೆದರೆ ನೋಟಿಸ್ ಜಾರಿಯಲ್ಲೇ ತಿಂಗಳುಗಳು ಹೋಗುತ್ತವೆ.

ಅರ್ಜಿದಾರರು ಯಾರಾಗಬಹುದು? ಹಾನಿಗೊಳಗಾದವರು, ಆಸ್ತಿಯ ಮಾಲೀಕರು, ಬಾಧಿತರಾದ ಯಾರೇ ವ್ಯಕ್ತಿ ಅಥವಾ ಸಂಘಟನೆ. ಸಂಘದ ಪರವಾಗಿ ಹಾಕುವುದಾದರೆ ನೋಂದಣಿ ಪತ್ರ ಮತ್ತು ಅಧಿಕಾರ ಕೊಟ್ಟ ನಿರ್ಣಯದ ಪ್ರತಿ ಬೇಕು.

2011ರ ಕಾರ್ಯವಿಧಾನ ನಿಯಮಗಳಲ್ಲಿ ಅರ್ಜಿಗೆ ನಿಗದಿತ ನಮೂನೆ ಇದೆ. ಪರಿಹಾರ ಕೇಳುವವರಿಗೆ ಪ್ರತ್ಯೇಕ ನಮೂನೆ. ಬರೆಯುವ ಕ್ರಮ ಹೀಗಿರಲಿ: ದಿನಾಂಕಗಳ ಪಟ್ಟಿ, ಸಾರಾಂಶ, ಪಕ್ಷಕಾರರು, ಅಧಿಕಾರ ವ್ಯಾಪ್ತಿ, ಕಾಲಮಿತಿ, ಸಂಗತಿಗಳು, ಉಲ್ಲಂಘನೆಯಾದ ಕಲಂಗಳು, ಮಧ್ಯಂತರ ಕೋರಿಕೆ, ಅಂತಿಮ ಕೋರಿಕೆ, ಸತ್ಯಾಪನೆ (ಬರೆದದ್ದು ನಿಜವೆಂಬ ಸಹಿ ಸಹಿತ ಹೇಳಿಕೆ). ಕಾಲಮಿತಿಯ ಪ್ಯಾರಾದಲ್ಲಿ ‘ಅರ್ಜಿ ಅವಧಿಯೊಳಗಿದೆ’ ಎಂದು ಒಂದೇ ಸಾಲು ಬರೆದು ಮುಗಿಸಬೇಡಿ, ಮೊದಲ ಹಂತದ ಹಾಳೆಯನ್ನು ಇಲ್ಲಿ ವಿವರಿಸಿ. ವಿಳಂಬವಾಗಿದ್ದರೆ ಮನ್ನಿಸಲು ಬೇರೆಯೇ ಅರ್ಜಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್).

ಒಂದು ಅರ್ಜಿಗೆ ಒಂದೇ ವ್ಯಾಜ್ಯ ಕಾರಣ ಎಂಬುದು ನಿಯಮ. ಕ್ರಷರ್ ದೂಳು, ಊರಿನ ಕಸ, ನದಿಯ ಮರಳು ಮೂರನ್ನೂ ಒಂದರಲ್ಲೇ ಸೇರಿಸಬೇಡಿ. ಕೋರಿಕೆ ಅಳೆಯಬಹುದಾದಂತಿರಲಿ. ‘ಪರಿಸರ ರಕ್ಷಿಸಿ’ ಎಂದು ಆದೇಶ ಬಂದರೂ ಜಾರಿ ಮಾಡಿಸಲಾಗದು. ‘ಇಂಥ ಕೊಳವೆ ಮುಚ್ಚಿಸಿ, ಇಷ್ಟು ದಿನದೊಳಗೆ ಹೂಳು ತೆಗೆಸಿ, ವೆಚ್ಚವನ್ನು ಮಾಲಿನ್ಯಕಾರರಿಂದ ವಸೂಲು ಮಾಡಿ’ ಎಂದು ಕೇಳಿ. ಕಾಯ್ದೆಯ ಕಲಂ 20ರಲ್ಲಿ ಮುನ್ನೆಚ್ಚರಿಕೆ ತತ್ವ, ಮಾಲಿನ್ಯಕಾರರೇ ತೆರಬೇಕೆಂಬ ತತ್ವ ಎರಡೂ ಇವೆ.

## ಹಂತ 7: ಸಲ್ಲಿಸಿ

ಕರ್ನಾಟಕದ ಪ್ರಕರಣಗಳು ಚೆನ್ನೈನ ಚೇಪಾಕ್‌ನಲ್ಲಿರುವ ದಕ್ಷಿಣ ವಲಯ ಪೀಠಕ್ಕೆ ಸೇರುತ್ತವೆ. ಆನ್‌ಲೈನ್ ಸಲ್ಲಿಕೆಗೆ ನ್ಯಾಯಮಂಡಳಿಯ ಇ–ಫೈಲಿಂಗ್ ವ್ಯವಸ್ಥೆ ಇದೆ. ವಕೀಲರಿಲ್ಲದೆ ಸ್ವತಃ ಹಾಜರಾಗಲೂ ಅವಕಾಶವಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ ಶೇ 1, ಕನಿಷ್ಠ 1,000 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಆವೇಶದಲ್ಲಿ ಕೋಟಿಗಟ್ಟಲೆ ಪರಿಹಾರ ಬರೆಯುವ ಮುನ್ನ ಈ ಶೇ 1 ನೆನಪಿರಲಿ.

ಪಹಣಿ, ಮಹಜರು, ಪತ್ರಿಕಾ ವರದಿ ಮುಂತಾದ ಕನ್ನಡ ದಾಖಲೆಗಳಿಗೆಲ್ಲ ಇಂಗ್ಲಿಷ್ ಅನುವಾದ ಜೋಡಿಸಿ. ಪುಟ ಸಂಖ್ಯೆ ತಪ್ಪು, ಮಸುಕಾದ ನಕಲು, ಸಹಿ ಬಿಟ್ಟ ಪುಟ ಇದ್ದರೆ ಕಚೇರಿ ನ್ಯೂನತೆ ಗುರುತಿಸಿ ಹಿಂದಿರುಗಿಸುತ್ತದೆ. ಕೊನೆಯ ವಾರಕ್ಕೆ ಇಟ್ಟುಕೊಂಡವರು ಇಲ್ಲಿ ಒದ್ದಾಡುತ್ತಾರೆ.

ಬರಿಯ ಪತ್ರ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹೊತ್ತಿಕೊಂಡಾಗ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತ್ತು. ಆ ಅಧಿಕಾರ ಅದಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಪತ್ರ ಸ್ವೀಕಾರವಾಗುವ ಭರವಸೆಯಿಲ್ಲ, ನೀವು ಕಾಯುವಾಗ ಗಡುವು ಕಾಯುವುದಿಲ್ಲ.

## ಹಂತ 8: ಜಂಟಿ ಸಮಿತಿ ಬಂದಾಗ ಅಲ್ಲಿರಿ

ಮೊದಲ ವಿಚಾರಣೆಯಲ್ಲಿ ಸಾಮಾನ್ಯವಾಗಿ ನೋಟಿಸ್ ಹೊರಡುತ್ತದೆ, ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಡಳಿತ ಮುಂತಾದವರ ಜಂಟಿ ಸಮಿತಿ ರಚನೆಯಾಗುತ್ತದೆ. ಪ್ರಕರಣದ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಆ ಸಮಿತಿಯ ವರದಿಯಲ್ಲಿ. ಅರ್ಜಿದಾರರು ಮೈಮರೆಯುವುದೂ ಇಲ್ಲೇ.

ಪರಿಶೀಲನೆಯ ದಿನಾಂಕ ತಿಳಿಸುವಂತೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಆ ದಿನ ಸ್ಥಳದಲ್ಲಿರಿ. ಕೊಳವೆಯ ಬಾಯಿ, ಹೂತಿಟ್ಟ ತ್ಯಾಜ್ಯ, ರಾತ್ರಿ ಟ್ಯಾಂಕರ್ ಬರುವ ದಾರಿ ಯಾವುದೆಂದು ನಕ್ಷೆಯಲ್ಲಿ ಗುರುತಿಸಿ ಕೊಡಿ. ಎಚ್ಚರಿಕೆಯ ಲಕ್ಷಣಗಳು ಇವು: ಪರಿಶೀಲನೆಯ ಹಿಂದಿನ ದಿನವೇ ರಸ್ತೆಗೆ ನೀರು ಹೊಡೆದಿರುವುದು, ಕ್ರಷರ್ ಅಂದು ಮಾತ್ರ ನಿಂತಿರುವುದು, ಕೊಳವೆಗೆ ಹೊಸ ಮಣ್ಣು ಮುಚ್ಚಿರುವುದು, ಮಹಜರಿನಲ್ಲಿ ಖಾಲಿ ಜಾಗ ಬಿಟ್ಟು ಸಹಿ ಕೇಳುವುದು. ಇವನ್ನು ಫೋಟೊ ಸಹಿತ ಅಂದೇ ಇಮೇಲ್ ಮಾಡಿ. ಖಾಲಿ ಮಹಜರಿಗೆ ಸಹಿ ಹಾಕಬೇಡಿ.

ವರದಿ ಸಲ್ಲಿಕೆಯಾದ ಕೂಡಲೇ ಪ್ರತಿ ಪಡೆದು ಪ್ಯಾರಾವಾರು ಆಕ್ಷೇಪಣೆ ಹಾಕಿ. ಸುಮ್ಮನಿದ್ದರೆ ಒಪ್ಪಿದಂತೆ. ಸಮಿತಿ ನೆರವಿಗೆ ಮಾತ್ರ, ತೀರ್ಪು ಕೊಡುವ ಹೊಣೆ ನ್ಯಾಯಮಂಡಳಿಯದೇ ಎಂದು ಸುಪ್ರೀಂ ಕೋರ್ಟ್ ಹೇಳಿರುವುದರಿಂದ ನಿಮ್ಮ ಆಕ್ಷೇಪಣೆಗೆ ಬೆಲೆಯಿದೆ.

6 ತಿಂಗಳೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಗಡುವು ದಾಟುವುದು ಅಪರೂಪವಲ್ಲ. ತುರ್ತು ಇದ್ದರೆ ಮೊದಲ ದಿನವೇ ಮಧ್ಯಂತರ ತಡೆಯಾಜ್ಞೆಗೆ ಒತ್ತಾಯಿಸಿ.

## ಹಂತ 9: ಆದೇಶದ ಬೆನ್ನು ಬಿಡಬೇಡಿ

ಆದೇಶದ ಪ್ರತಿಯನ್ನು ಪ್ರತಿಯೊಬ್ಬ ಪ್ರತಿವಾದಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಗಡುವು ಮುಗಿದ ವಾರವೇ ಸ್ಥಳಕ್ಕೆ ಹೋಗಿ ಹಳೆಯ ಗುರುತಿನ ಎದುರು ನಿಂತು ಮತ್ತೆ ಫೋಟೊ ತೆಗೆಯಿರಿ. ಪಾಲನೆಯಾಗದಿದ್ದರೆ ಜಾರಿ ಅರ್ಜಿ ಹಾಕಿ. ಕಲಂ 25ರ ಪ್ರಕಾರ ನ್ಯಾಯಮಂಡಳಿಯ ಆದೇಶ ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಯಾಗುತ್ತದೆ.

ಆದೇಶ ನಿಮ್ಮ ವಿರುದ್ಧ ಬಂದರೆ ಸುಪ್ರೀಂ ಕೋರ್ಟಿಗೆ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಅದೂ ಕಾನೂನಿನ ಗಣನೀಯ ಪ್ರಶ್ನೆಯಿದ್ದರೆ ಮಾತ್ರ. ನಿಮ್ಮ ಪರವಾಗಿ ಬಂದಿದ್ದರೆ ಎದುರಿನವರು ಅದೇ 90 ದಿನದಲ್ಲಿ ದೆಹಲಿಗೆ ಹೋಗುವ ಸಂಭವವಿದೆ. ನಿಮ್ಮನ್ನು ಕೇಳದೆ ತಡೆಯಾಜ್ಞೆ ಸಿಗದಿರಲೆಂದು ಸುಪ್ರೀಂ ಕೋರ್ಟಿನಲ್ಲಿ ಮೊದಲೇ ಕೇವಿಯಟ್ ದಾಖಲಿಸಿ.